ಪೈಪಿನೊಳಗಿನ ಪೈಲ್ವಾನ

ನಮ್ಮ ಕಾಕಾನ ಪ್ರಕಾರ ಲೋಕದಲ್ಲಿ ಎರಡೇ ತರದ ಜನ. ಅವನ ಕೈಯಲ್ಲಿ ಹೊಡೆಸಿಕೊಂಡವರು, ಇನ್ನೂ ಹೊಡೆಸಿಕೊಳ್ಳದವರು. ನಾನು ಮೊದಲನೇ ಗುಂಪಿನ ಹಳೇ ಸದಸ್ಯ.

ಅದಕ್ಕೆ ಕಾರಣ ನನ್ನ ಬಾಯಿ. ಯಾರನ್ನು ಕಂಡರೂ ಅವರ ನಡಿಗೆ, ಕೆಮ್ಮು, ಮಾತು ನನ್ನ ಮೈಮೇಲೆ ಬಂದುಬಿಡುತ್ತವೆ. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಲ್ಲಿ ನನ್ನ ನಕಲಿಗೆ ಸಿಗದೆ ಉಳಿದವರು ಯಾರೂ ಇಲ್ಲ, ಓಣಿಯ ನಾಯಿ ಸಮೇತ. ಕಾಕಾನ ನಕಲಿಯಂತೂ ಬಲು ಸುಲಭ: ಎದೆ ಉಬ್ಬಿಸಬೇಕು, ನನಗಿಲ್ಲದ ಮೀಸೆ ತಿರುವಬೇಕು, "ಲೇ ಮಗನ" ಅನ್ನಬೇಕು. ಅಷ್ಟರಲ್ಲಿ ಹಿಂದಿನಿಂದ ಕಪಾಳಕ್ಕೆ ಬಿದ್ದಿರುತ್ತದೆ. ಅಪ್ಪನ ಈ ತಮ್ಮ ಹರೆಯದಲ್ಲಿ ಕುಸ್ತಿ ಆಡಿದವನು. ಸಾರವಾಡದ ಕಣದಲ್ಲಿ ಒಬ್ಬನ ಭುಜ ಕಳಚಿದ ಕತೆಯನ್ನು ಇವತ್ತಿಗೂ ಊಟದ ಜೊತೆ ಉಪ್ಪಿನಕಾಯಿಯ ಹಾಗೆ ನೆಂಚಿಕೊಳ್ಳುತ್ತಾನೆ.

ನಾನು ಪಡಸಾಲೆಯಲ್ಲಿ ಗಾಜಿನ ಟ್ಯಾಂಕು ಇಟ್ಟು ಮೀನು ಸಾಕಲು ಶುರುಮಾಡಿದಾಗ ಅವನಿಗೆ ಮೈಯೆಲ್ಲ ಉರಿ.

"ಸಾಕಿದ್ರ ಹಾಲರ ಕೊಡಬೇಕು, ಇಲ್ಲಾ ಬೊಗಳರ ಬೊಗಳಬೇಕು. ಇವೇನ್ ಮಾಡ್ತಾವಲೇ?"

"ಗಾಜಿನ ಪಾಚಿ ಕೆರೀತಾವ ಕಾಕಾ."

"ತುರಿಕಿ ಬಂದವರೂ ಕೆರೀತಾರ. ಅವರನ್ನೂ ಮನ್ಯಾಗ ಇಟ್ಕೋತಿ ಏನು? ಒಂದಿನ ಹಾರಿ ತಗೊಂಡು ಒಡೀತೇನಿ ನೋಡ ಇದನ್ನ."

ಅವು ಕ್ಯಾಟ್‌ಫಿಶ್ ಜಾತಿಯವು, ಅಂಗಡಿಯವರು ಸಕ್ಕರ್ ಅನ್ನುವ ಮೀನು. ಬಾಯಿಂದ ಗಾಜಿಗೆ ಅಂಟಿಕೊಂಡು ಪಾಚಿ ಮೇಯುತ್ತವೆ. ನನ್ನವು ಮೀಸೆಯ ಸಕ್ಕರ್. ಗಂಡಿನ ಮೂತಿಯ ತುಂಬ ಕವಲೊಡೆದ ಮೀಸೆ, ಬೇಲಿಯ ಕಳ್ಳಿಯ ಹಾಗೆ. ಹೆಣ್ಣಿಗೆ ಬೋಳು ಮೂತಿ, ಬೆಳೆದರೂ ತುಟಿಯಂಚಿಗೆ ನನಗಿರುವ ನಾಲ್ಕು ಕೂದಲಷ್ಟು ಬೆಳೆದೀತು. ಗಂಡಿಗೆ ಗಲ್ಲದೊಳಗೂ ಮುಳ್ಳಿನ ಕಂತೆ ಇದೆ. ಸಿಟ್ಟು ಬಂದರೆ ಅವು ಹೊರಗೆ ನಿಗುರುತ್ತವೆ. ತತ್ತಿ ಇಡಿಸಲು ಅದಕ್ಕೊಂದು ಗವಿ ಬೇಕು. ಹೊನವಾಡದ ನಮ್ಮ ದ್ರಾಕ್ಷಿ ತೋಟದಲ್ಲಿ ಬಿದ್ದಿದ್ದ ಪೈಪಿನ ತುಂಡೊಂದನ್ನು ತಂದು ಒಳಗೆ ಮಲಗಿಸಿದೆ. ನನ್ನ ಗಂಡು ಅದರೊಳಗೆ ಹೊಕ್ಕು ಮೂತಿ ಮಾತ್ರ ಹೊರಗಿಟ್ಟು ಕೂತಿತು. ಥೇಟ್ ಕಟ್ಟೆಯ ಮೇಲಿನ ಕಾಕಾ.

ಬಬಲೇಶ್ವರದ ಗೆಳೆಯನೊಬ್ಬ ತನ್ನ ಟ್ಯಾಂಕು ತೆಗೆಯುವಾಗ ಇನ್ನೊಂದು ಗಂಡನ್ನು ಕೊಟ್ಟ. ಪ್ಲಾಸ್ಟಿಕ್ ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಟ್ಯಾಂಕಿಗೆ ಬಿಟ್ಟೆ. ಅದು ನೇರ ಪೈಪಿನ ಬಾಗಿಲಿಗೇ ಹೋಯಿತು.

ಎರಡೂ ತಲೆಗೆ ಬಾಲ, ಬಾಲಕ್ಕೆ ತಲೆ ಜೋಡಿಸಿ ನಿಂತವು. ಗಲ್ಲದ ಮುಳ್ಳು ಬಿಚ್ಚಿದವು. ಆಮೇಲೆ ಕಂಡದ್ದು ಮಣ್ಣು ರಾಡಿ ಮಾತ್ರ. ಗಾಜಿಗೆ ಟಕ್ ಟಕ್ ಎಂದು ಬಡಿದ ಸದ್ದಿಗೆ ಕಾಕಾ ಎದ್ದು ಬಂದ. ಬಬಲೇಶ್ವರದ್ದರ ಬೆನ್ನಿನ ರೆಕ್ಕೆ ಹರಿದು ಎಳೆಎಳೆಯಾಗಿ ತೂಗುತ್ತಿತ್ತು. ನಮ್ಮದು ಅದರ ಪಕ್ಕೆಗೆ ಮುಳ್ಳು ಚುಚ್ಚಿ ತಿರುವಿತು. ಒಂದು ಎಳೆ ರಕ್ತ ನೀರಿನಲ್ಲಿ ಹೊಗೆಯ ಹಾಗೆ ಎದ್ದಿತು.

"ಹಾಕಲೇ ಪಟ್ಟು! ಬಿಡಬ್ಯಾಡ! ಕೆಳಗ ಹಾಕಿ ಒತ್ತು!" ಕಾಕಾ ಕುರ್ಚಿ ಎಳೆದುಕೊಂಡಿದ್ದ.

ನಾನು ಜಾಳಿಗೆ ಹಾಕಿ ಬಿಡಿಸಲು ಹೋದರೆ ಮೊಣಕೈ ಹಿಡಿದು ತಿರುವಿದ. "ಕುಸ್ತಿ ನಡದಾಗ ಕಣದಾಗ ಕಾಲಿಡ್ತಿ ಏನಲೇ?"

ಬೆಳಗ್ಗೆ ಬಬಲೇಶ್ವರದ್ದು ತಳದಲ್ಲಿ ಅಂಗಾತ ಬಿದ್ದಿತ್ತು. ಉಳಿದ ಸಕ್ಕರ್‌ಗಳು ಅದರ ಮೈಗೆ ಬಾಯಿ ಹಚ್ಚಿದ್ದವು. ಕಣ್ಣು ಎರಡೂ ಖಾಲಿ. ನನಗೆ ಚಹಾ ಇಳಿಯಲಿಲ್ಲ, ಕಾಕಾ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಅವತ್ತಿನಿಂದ ಪೈಪಿನ ಗಂಡು "ಪೈಲ್ವಾನ" ಆಯಿತು. ಪೈಲ್ವಾನ ಒಂದು ಹೆಣ್ಣನ್ನು ಪೈಪಿನೊಳಗೆ ಹೊಗಿಸಿ ಬಾಗಿಲಿಗೆ ಅಡ್ಡ ಕೂತ. ಅದು ಹೊರಬಿದ್ದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಕೇಸರಿ ಸಾಬೂದಾಣಿಯಂಥ ತತ್ತಿಯ ಗೊಂಚಲು. ಈ ಮೀನುಗಳಲ್ಲಿ ಬಾಣಂತನ ಗಂಡಿನದು. ಪೈಲ್ವಾನ ಊಟ ಬಿಟ್ಟು, ತತ್ತಿಗೆ ಹಗಲೂ ರಾತ್ರಿ ಬಾಲದಿಂದ ಗಾಳಿ ಹಾಕುತ್ತಿದ್ದ. ಗಾಳಿ ನಿಂತರೆ ತತ್ತಿಗೆ ಬೂಸ್ಟು ಹಿಡಿಯುತ್ತದೆ.

ಕಾಕಾ ಕಟ್ಟೆಯ ಮೇಲೆ ತನ್ನ ಹಳೇ ಗೆಳೆಯರ ಎದುರು ಮೀಸೆ ಮುಟ್ಟಿ ಹೇಳಿಬಿಟ್ಟ: "ನನ್ನ ಪೈಲ್ವಾನ ಮರಿ ಆಡಸ್ತಾನ ನೋಡ್ರಿ. ಆಡಸಲಿಲ್ಲಂದ್ರ ಈ ಮೀಸಿ ಬೋಳಿಸ್ತೇನಿ." ಮೂವತ್ತು ವರ್ಷದ ಮೀಸೆ ಅದು, ಕುಸ್ತಿ ಬಿಟ್ಟ ಮೇಲೆ ಅವನಲ್ಲಿ ಉಳಿದ ಪೈಲ್ವಾನಿಕೆ ಅದೊಂದೇ. ಗೆಳೆಯರು ನಕ್ಕರು. ಅವನು ನಗಲಿಲ್ಲ.

ತತ್ತಿ ಒಡೆಯುವ ಮೊದಲೇ ಎಳ್ಳಮಾಸಿ ಬಂತು. ಅವತ್ತು ಬಸುರಿ ಭೂಮಿತಾಯಿಗೆ ಉಣಿಸುವ ದಿನ. ಎಲ್ಲರೂ ಹೊಲಕ್ಕೆ ಹೋಗಿ, ಮಾಡಿದ ಎಲ್ಲ ಅಡಿಗೆಯಲ್ಲೂ ಒಂದೊಂದು ತುತ್ತು ಬೆಳೆಯ ಮೇಲೆ ಎರಚಿ ಚರಗ ಚೆಲ್ಲುತ್ತೇವೆ. ಕಾಕಾನ ಅವ್ವ, ನಮ್ಮ ಆಯಿಗೆ ಮೊಣಕಾಲು ಏಳಗೊಡದೆ ಅವಳೊಬ್ಬಳು ಮನೆಯಲ್ಲಿ ಉಳಿದಳು. ನಾವು ಟಿಕೋಟಾ ದಾಟಿ ಹೊನವಾಡದ ಹೊಲ ಮುಟ್ಟಿ, "ಹುಲ್ಲುಲ್ಲಿಗೋ ಚಲ್ಲಂಬರಿಗೋ" ಎಂದು ಕೂಗುತ್ತ ಚರಗ ಚೆಲ್ಲಿ, ಹೊಟ್ಟೆ ಬಿರಿಯ ಉಂಡು ಬಂದೆವು. ದೀಪ ಹಚ್ಚುವ ಹೊತ್ತು.

ಟ್ಯಾಂಕಿನ ನೀರು ಮಜ್ಜಿಗೆಯಾಗಿತ್ತು. ಮೇಲೆ ಎಣ್ಣೆಯ ಪದರು. ಅದರ ನಡುವೆ ತೇಲುವ ಸಜ್ಜೆ ರೊಟ್ಟಿ, ಬಾಯಿ ಬಿಟ್ಟ ಎಣ್ಣೆಗಾಯಿ, ಶೇಂಗಾ ಹೋಳಿಗೆ. ನೀರು ಆಡಿಸುವ ಮೋಟಾರು ಹೋಳಿಗೆ ನುಂಗಿ ಸುಟ್ಟುಹೋಗಿತ್ತು. ಹೆಣ್ಣುಗಳೆಲ್ಲ ಹೊಟ್ಟೆ ಮೇಲಾಗಿ ಬದನೆಕಾಯಿಯ ಪಕ್ಕ ತೇಲುತ್ತಿದ್ದವು.

"ಆಯಿ, ಏನ್ ಮಾಡಿದಿಬೇ?"

"ಚರಗ ಚೆಲ್ಲಿದೆ," ಅಂದಳು. "ಹೊಲಕ್ಕ ಹೋಗಾಕ ಆಗಲಿಲ್ಲ. ಮನ್ಯಾಗಽ ತತ್ತಿ ಇಟ್ಟಾವು, ಅವೂ ಬಸುರಿ ಬಾಣಂತ್ಯಾರಽ ಅಲ್ಲೇನು? ಅವಕ್ಕೊಂದು ತುತ್ತು ಬ್ಯಾಡೇನಪಾ?"

ಕಾಕಾ ಚರಗದ ಬುಟ್ಟಿ ಎತ್ತಿ ಗೋಡೆಗೆ ಬಡಿದ. ಪುಂಡಿಪಲ್ಯ ಗೋಡೆಯ ಮೇಲಿಂದ ಇಳಿಯಿತು. ಬಕೆಟ್ಟಿಗೆ ಒದ್ದ, ಅದು ಅಂಗಳದವರೆಗೂ ಉರುಳಿತು. ಅವ್ವ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.

ಆಯಿ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. "ಹೊಡಿಯಪ್ಪಾ, ಹೊಡಿ. ಮಾಡಿದಾಕಿ ಇಲ್ಲಿ ಕುಂತೇನಿ, ಗೋಡಿಗೆ ಯಾಕ ಹೊಡೀತಿ?"

ಅವನ ಎತ್ತಿದ ಕೈ ಹಾಗೇ ನಿಂತಿತು. ನಾನು ಟಾರ್ಚ್ ಬಿಟ್ಟೆ. ಪೈಲ್ವಾನ ಇನ್ನೂ ಪೈಪಿನೊಳಗಿದ್ದ. ಬಾಲ ಬಡಿಯುತ್ತಿದ್ದ, ಆದರೆ ತಾಳ ತಪ್ಪಿ, ಏದುಸಿರು ಬಿಡುವವರ ಹಾಗೆ.

"ಪೈಪ್ ಸಮೇತ ಎತ್ತೋಣು ಕಾಕಾ, ಬೋಗಾಣ್ಯಾಗ ಇಡೋಣು."

"ಬಾಯಿ ಮುಚ್ಚಲೇ. ಅಲ್ಲೀತನಕ ಉಳಿತಾನೇನು ಅವ?"

ಅಂದವನೇ ಎರಡು ಬೆರಳು ಪೈಪಿಗೆ ತುರುಕಿ ಹಿಡಿದ. ಪೈಲ್ವಾನ ಗಲ್ಲದ ಮುಳ್ಳು ಬಿಚ್ಚಿ ಪೈಪಿಗೆ ಬಿಗಿದುಕೊಂಡ. ಕಾಕಾ ಎಳೆದ, ಅವನು ಬಿಡಲಿಲ್ಲ. "ಬಾ ಮಗನ, ಉಳಿಸಾಕ ಬಂದೇನಿ, ಬಾ!" ಎಂದು ಕಾಕಾ ಹಲ್ಲು ಕಚ್ಚಿ ಜಗ್ಗಿದ. ಸಾರವಾಡದಲ್ಲಿ ಭುಜ ಕಳಚಿದ ಕೈ ಅದು. ಏನೋ ಕಿತ್ತ ಸದ್ದಾಯಿತು.

ಹೊರಗೆ ಬಂದ ಪೈಲ್ವಾನನ ಒಂದು ಗಲ್ಲ ಇರಲಿಲ್ಲ. ಕಿವಿರು ಹೊರಬಿದ್ದಿತ್ತು. ಕಾಕಾನ ಬೆರಳು ಸೀಳಿ ರಕ್ತ ಮುಂಗೈಗೆ ಇಳಿದಿತ್ತು. ಅಂಗೈಯಲ್ಲಿ ಯಾವ ರಕ್ತ ಯಾರದೆಂದು ತಿಳಿಯುವಂತಿರಲಿಲ್ಲ. ಪೈಲ್ವಾನ ಅಲ್ಲೇ ಬಾಲ ಬಡಿದ. ಗಾಳಿ ಹಾಕುವ ರೂಢಿ. ಆಮೇಲೆ ನಿಂತ.

ಕಾಕಾ ಅದನ್ನು ಕೆಳಗಿಟ್ಟು ಕೈಗೆ ಬಟ್ಟೆ ಸುತ್ತಿಕೊಂಡ.

ತತ್ತಿಯ ಪೈಪು ಹಾಗೇ ಇತ್ತು. ನಳ ಬರುವ ದಿನವಲ್ಲ, ಬೋರಿನದು ಸವಳು ನೀರು. ಆಯಿ ತೆವಳಿಕೊಂಡು ಹೋಗಿ ತನ್ನ ಕುಡಿಯುವ ಹರವಿಯ ನೀರನ್ನು ಬೋಗಾಣಿಗೆ ಸುರಿದಳು. ಪೈಪನ್ನು ಅದರಲ್ಲಿಟ್ಟು, ಮೋಟಾರಿಲ್ಲದ್ದಕ್ಕೆ ನಾನೇ ಅದರ ಬಾಯಿಗೆ ಬೆರಳು ಹಿಡಿದು ನೀರು ಆಡಿಸತೊಡಗಿದೆ.

ಕಾಕಾ ಬಟ್ಟೆ ಸುತ್ತಿದ ಕೈ ಎದೆಗೆ ಹಿಡಿದು ನೋಡುತ್ತಿದ್ದ. "ಹಂಗ ಬಡೀತಿದ್ನೇನಲೇ ಅವ? ಮೂರ ಸರ್ತಿ ಜೋರು, ಒಂದ ಸರ್ತಿ ಹಗೂರ. ಊರ ಮಂದೀದೆಲ್ಲ ನಕಲಿ ಮಾಡ್ತಿ, ಇದು ಬರೂದಿಲ್ಲೇನು? ಸರಿಯಾಗಿ ಮಾಡು."

ಜೀವನದಲ್ಲಿ ಮೊದಲ ಸಲ ಅವನೇ ನನಗೆ ನಕಲಿ ಮಾಡು ಅಂದದ್ದು. ಮಾಡಿದೆ. ನನಗೆ ಕೈ ಸೋತಾಗ ಆಯಿ ಮಾಡಿದಳು, ಅವಳಿಗೆ ಸೋತಾಗ ಅವ್ವ. ಕಾಕಾ ಮಾಡಲಿಲ್ಲ. ಗಾಯದ ಕೈ ನೀರಿಗೆ ಹಾಕಬೇಡ ಎಂದು ಅವ್ವ ಗದರಿದ್ದಳು. ಬೂಸ್ಟು ಹಿಡಿದ ತತ್ತಿಗಳನ್ನು ದಿನಾ ಸೂಜಿಯಿಂದ ಕಿತ್ತು ಬಿಸಾಕಿದೆ. ಗೊಂಚಲು ಅರ್ಧಕ್ಕಿಳಿಯಿತು. ಆಮೇಲೊಂದು ಮುಂಜಾನೆ ನೋಡಿದರೆ, ಹೊಟ್ಟೆಗೆ ಹಳದಿ ಗಂಟು ಕಟ್ಟಿಕೊಂಡ ಮರಿಗಳು ಬೋಗಾಣಿಯ ಗೋಡೆಗೆ ಬಾಯಿ ಕಚ್ಚಿ ನೇತಾಡುತ್ತಿದ್ದವು. ಹುಟ್ಟಿದ ಕೂಡಲೇ ಹಿಡಿತ!

"ಕಾಕಾ! ನಿನ್ನ ಮೀಸಿ ಉಳೀತು!" ಎಂದು ಓಣಿಗೆ ಕೇಳುವ ಹಾಗೆ ಕೂಗಿದೆ.

ಕಾಕಾ ಮನೆಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದ. ಮೂಗಿನ ಕೆಳಗೆ ಬಿಳಿ ಪಟ್ಟಿ, ಹೊಸದಾಗಿ ಸುಣ್ಣ ಬಳಿದಂತೆ.

"ಮರಿ ಆಗ್ಯಾವ ಕಾಕಾ. ನೀ ಗೆದ್ದಿ. ಯಾಕ ಬೋಳಿಸಿದಿ?"

"ಮರಿ ಆಡಸ್ತಾನ ಅಂದಿದ್ದೆ," ಅಂದ. "ಆಡಸವ್ನ ಎಲ್ಲಿ ಅದಾನ? ನಾನಽ ಕಿತ್ತು ಕೊಂದೆ." ಬೋಗಾಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಸುತ್ತಿದ ಬೆರಳು ತನ್ನಷ್ಟಕ್ಕೇ ಆಡುತ್ತಿತ್ತು, ಮೂರು ಸಲ ಜೋರು, ಒಂದು ಸಲ ಹಗುರ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ.

"ಥೇಟ್ ಹೆಣ್ಣ ಸಕ್ಕರ್ ಕಂಡಂಗ ಕಾಣಾಕತ್ತಿ ನೋಡ ಕಾಕಾ."

ಗಾಯದ ಕೈಯಲ್ಲೇ ಹೊಡೆದ. ಎಡಗಿವಿ ಸಂಜೆಯವರೆಗೆ ಗುಂಯ್ ಎನ್ನುತ್ತಿತ್ತು, ಕಪಾಳದ ಮೇಲೆ ಅವನ ಬೆರಳಿನ ರಕ್ತ ಅಂಟಿತ್ತು. ಅವ್ವ ಒರೆಸಲು ಬಂದಳು. ನಾನು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡೆ: ಗಲ್ಲದ ಮೇಲೆ ಮೂರು ಗೆರೆ, ಮುಳ್ಳು ಬಿಚ್ಚಿದ ಹಾಗೆ.