ಮಾವನ ಚಾಕ್ ಗೆರೆಗಳು

ನನ್ನ ಮಾವನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಅವರು ಗಿರಾಕಿಗಳನ್ನು ಹೊಗಳಲು ಶುರುಮಾಡಿದ ಮೇಲೆ.

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ನಲವತ್ತು ವರ್ಷದಿಂದ ಗಂಡಸರ ಪ್ಯಾಂಟು, ಶರ್ಟು, ಕೋಟು ಹೊಲಿಯುತ್ತಿದ್ದಾರೆ. ಬೀದಿಯವರಿಗೆಲ್ಲ ಅವರು ಮಾಸ್ಟರ್. ಅಳತೆಯನ್ನು ಯಾವತ್ತೂ ಬರೆದಿಟ್ಟವರಲ್ಲ. ಟೇಪು ಹಿಡಿದು ಬಾಯಲ್ಲೇ ಒಮ್ಮೆ ಗುನುಗಿದರೆ ಮುಗಿಯಿತು, ಎರಡು ವರ್ಷ ಬಿಟ್ಟು ಬಂದವನಿಗೂ “ನಿನ್ನ ಎಡ ಹೆಗಲು ಅರ್ಧ ಇಂಚು ಇಳಿಜಾರು ಕಣಪ್ಪ, ಗೊತ್ತು ಬಿಡು” ಎನ್ನುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಅಡುಗೆಯನ್ನೂ ಹಾಗೇ ಕಲಿತರಂತೆ, ಚಮಚೆ ಲೋಟದ ಲೆಕ್ಕವಿಲ್ಲದೆ, ಕೈ ಅಂದಾಜಿನಲ್ಲಿ. ಹೊಗಳುವುದು ಮಾತ್ರ ಅವರ ಜಾಯಮಾನವಲ್ಲ. ಹೊಟ್ಟೆ ಬಂದವರಿಗೆ, “ಪ್ಯಾಂಟು ಹೊಲಿಯೋದು ನನ್ನ ಕೆಲಸ, ಉಸಿರು ಹಿಡ್ಕೊಳ್ಳೋದು ನಿಮ್ಮ ಕೆಲಸ” ಎಂದು ಮುಖಕ್ಕೆ ಹೇಳುವ ಬಾಯಿ ಅದು.

ಅಂಥ ಮಾವ ಒಂದು ದಿನ ಬ್ಯಾಂಕಿನ ಕಾವಲುಗಾರನಿಗೆ, “ಎಷ್ಟೊಂದು ಇಳಿದುಹೋಗಿದ್ದೀರಿ! ಹಳೇ ಅಳತೆ ನಡೆಯಲ್ಲ, ಹೊಸದಾಗಿ ತಗೊಳ್ತೀನಿ” ಎಂದರು. ಆತ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಪಾಪ, ಖುಷಿಯಿಂದ ಕೈ ಅಗಲಿಸಿ ನಿಂತ. ಐದನೇ ದಿನ ಆತ ಮತ್ತೆ ಬಂದಾಗ, “ಇನ್ನೂ ಇಳಿದಿದ್ದೀರಲ್ಲ!” ಎಂದು ಮತ್ತೊಮ್ಮೆ ಟೇಪು ಬಿಚ್ಚಿದರು. ಒಳಗೆ ಮಗಳಿಗೆ ಬಾಳೆಹಣ್ಣು ಹಿಸುಕುತ್ತಿದ್ದ ನನ್ನ ಕೈ ಅಲ್ಲಿಗೇ ನಿಂತಿತು. ಮಾವನಿಗೆ ಅಳತೆ ನೆನಪಿಲ್ಲ.

ಏಳು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಅವರ ಹೃದಯ ನಿಂತಿತ್ತು. ಈಜು ಕಲಿಸುವ ಮೇಷ್ಟ್ರೊಬ್ಬರು ಅರ್ಧ ಹೊಲಿದ ಕೋಟು ಹಾಕಿ ನೋಡುತ್ತಿದ್ದರು. ಮಾವ ಅವರ ಬೆನ್ನಿಗೆ ಗುಂಡುಸೂಜಿ ಚುಚ್ಚುತ್ತ ಚುಚ್ಚುತ್ತಲೇ ಕುಸಿದರು. ಮೇಷ್ಟ್ರು ಸೂಜಿಗಳ ಸಮೇತ ನೆಲಕ್ಕೆ ಮಂಡಿಯೂರಿ, ಆಂಬ್ಯುಲೆನ್ಸ್ ಬರುವವರೆಗೆ ಮಾವನ ಎದೆಯನ್ನು ಒತ್ತುತ್ತಲೇ ಇದ್ದರು. ನಾನು ಎರಡು ತಿಂಗಳ ಕೂಸನ್ನು ಅವಚಿಕೊಂಡು ಗೋಡೆಗೆ ಅಂಟಿ ನಿಂತಿದ್ದೆ. ಬಂದವರು ಯಂತ್ರದಿಂದ ಎರಡು ಸಲ ಶಾಕ್ ಕೊಟ್ಟ ಮೇಲೆ ನಾಡಿ ಸಿಕ್ಕಿತು. ಎದೆ ಒತ್ತಿದ ರಭಸಕ್ಕೆ ಎರಡು ಪಕ್ಕೆಲುಬು ಮುರಿದಿದ್ದವು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ಹೃದಯ ಮತ್ತೆ ತಾಳ ತಪ್ಪಿದರೆ ಶಾಕ್ ಕೊಟ್ಟು ಸರಿದಾರಿಗೆ ತರಲೆಂದು ಹೆಗಲ ಕೆಳಗೆ ಚರ್ಮದೊಳಗೆ ಬ್ಯಾಟರಿಯ ಒಂದು ಸಣ್ಣ ಯಂತ್ರ ಕೂರಿಸಿ ಮನೆಗೆ ಕಳಿಸಿದರು.

ಬ್ಯಾಟರಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ, “ಅಪ್ಪನಿಗೆ ಈಗ ಗ್ಯಾರಂಟಿ ಕಾರ್ಡ್ ಇದೆ” ಎಂದು ಬಂದವರಿಗೆಲ್ಲ ಹೇಳಿ ನಗಿಸಿದ. ನೆಂಟರು ಮಾವನ ನಡಿಗೆ ನೋಡಿ, ಮುಖದ ಬಣ್ಣ ನೋಡಿ, “ಏನೂ ಆಗೇ ಇಲ್ಲವೇನೋ ಅನ್ನೋ ಹಾಗಿದ್ದಾರೆ” ಎಂದು ಹೋದರು. ಆಸ್ಪತ್ರೆಯ ಕಾಗದದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಮಿದುಳಿಗೆ ಕೆಲ ನಿಮಿಷ ರಕ್ತ ಸಿಗದ ಕಾರಣ ಮರೆವು, ಸುಸ್ತು, ಸಿಡುಕು ಉಳಿಯಬಹುದು, ಮನೆಯವರು ಗಮನಿಸುತ್ತಿರಬೇಕು ಎಂದಿತ್ತು. ಆ ಸಾಲನ್ನು ಓದಿದ್ದು ನಾನೊಬ್ಬಳೇ ಇರಬೇಕು. ಗಮನಿಸುತ್ತಲೇ ಇದ್ದೆ. ಮಧ್ಯಾಹ್ನ ಅವರು ಕುರ್ಚಿಯಲ್ಲೇ ತೂಕಡಿಸಿದರೆ ಮೂಗಿನ ಕೆಳಗೆ ಬೆರಳಿಡುತ್ತಿದ್ದೆ. ಒಮ್ಮೆ ಒಂದೇ ಕಣ್ಣು ತೆರೆದು, “ಇದ್ದೀನಿ ಕಣಮ್ಮ, ಹೋಗು” ಎಂದಿದ್ದರು.

ಗಂಡನಿಗೆ ಅಳತೆಯ ವಿಷಯ ಹೇಳಿದೆ.

“ನಂಗೂ ನಿನ್ನೆ ಬೀಗದ ಕೈ ಎಲ್ಲಿಟ್ಟೆ ಅಂತ ಗೊತ್ತಿರಲಿಲ್ಲ. ನನ್ನೂ ಆಸ್ಪತ್ರೆಗೆ ಸೇರಿಸ್ತೀಯಾ?” ಎಂದ.

“ನಿಮ್ಮ ಹತ್ರ ನಾನು ಮಗು ಬಿಟ್ಟು ಹೋಗ್ತಿಲ್ಲ. ಅವರ ಹತ್ರ ಬಿಟ್ಟು ಹೋಗ್ಬೇಕು.”

ವಿಷಯ ಇದ್ದದ್ದು ಅಲ್ಲೇ. ನನ್ನ ಹೆರಿಗೆ ರಜೆ, ಸಂಬಳವಿಲ್ಲದೆ ಮುಂದುವರಿಸಿದ ರಜೆ ಎರಡೂ ಮುಗಿದಿದ್ದವು. ಸೋಮವಾರದಿಂದ ಕೊರಿಯರ್ ಕಚೇರಿಯ ಕೌಂಟರಿಗೆ ವಾಪಸು ಹೋಗಬೇಕಿತ್ತು. ಮಗುವನ್ನು ತಾತ ನೋಡಿಕೊಳ್ಳುವುದೆಂದು ಅವಳು ಹುಟ್ಟುವ ಮೊದಲೇ ಮಾತಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮಾವ ಆ ಮಾತನ್ನೇ ಹಿಡಿದು ಎದ್ದು ಓಡಾಡಿದವರು. “ಗುಂಡೀನ ನಾನು ನೋಡ್ಕೊಳ್ತೀನಿ” ಎಂದು ದಿನಕ್ಕೆರಡು ಸಲ ಅನ್ನುವರು. ಮಗಳನ್ನು ಅವರು ಕರೆಯುವುದೇ ಗುಂಡಿ ಎಂದು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಆಗಲಿ ಎನ್ನಲು ಮನಸ್ಸು ಒಪ್ಪಲಿಲ್ಲ.

ಕದ್ದು ಪರೀಕ್ಷೆ ಮಾಡಿದೆ. ಭಾನುವಾರ, “ಮಾವ, ಗುಂಡಿ ಹಾಲು ಕುಡಿದ್ಳಾ?” ಎಂದೆ, ನಾನೇ ಕುಡಿಸಿ ಹತ್ತು ನಿಮಿಷವಾಗಿತ್ತು, ಅವರೆದುರಿಗೇ. ಅವರು ನನ್ನ ಮುಖವನ್ನೇ ನೋಡಿದರು.

“ಪರೀಕ್ಷೆ ಮಾಡ್ತಿದ್ದೀಯೇನಮ್ಮ?”

“ಅಯ್ಯೋ, ಇಲ್ಲ ಮಾವ.”

“ಮಾಡು ಮಾಡು. ಫೇಲ್ ಮಾಡಿದ್ರೆ ಮಾತ್ರ ಕಾರಣ ಹೇಳು.”

ಉತ್ತರ ಹೇಳಲೇ ಇಲ್ಲ ಅವರು. ಅದನ್ನೂ ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಸೋಮವಾರ, ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಸಂಜೆ ಮಗಳ ಬಟ್ಟೆ ಬದಲಾಯಿಸುವಾಗ ಫ್ರಾಕಿನ ಅಂಚಿನ ಒಳಮಡಿಕೆಯಲ್ಲಿ ಚಾಕಿನ ಗೆರೆಗಳು ಕಂಡವು. ದರ್ಜಿಗಳು ಬಟ್ಟೆ ಕತ್ತರಿಸುವ ಮುನ್ನ ಗುರುತು ಹಾಕುವ ನೀಲಿ ಚಾಕಿನಲ್ಲಿ ನಾಲ್ಕು ಉದ್ದ ಗೆರೆ, ಒಂದು ಸೊನ್ನೆ. ಮಂಗಳವಾರದ ಫ್ರಾಕನ್ನು ಬುಟ್ಟಿಯಿಂದ ಎತ್ತಿ ನೋಡಿದೆ. ಅದರಲ್ಲೂ ಇದ್ದವು.

“ಇದೇನು ಮಾವ?”

“ಅದಾ? ಅಳತೆ. ಹೊಸ ಫ್ರಾಕ್ ಹೊಲೀಬೇಕಲ್ಲ.”

ಫ್ರಾಕಿನ ಅಳತೆಗೆ ಸೊನ್ನೆ ಯಾಕೆ ಬೇಕು? ಮಾವ ನನಗೆ ಸುಳ್ಳು ಹೇಳಿದ್ದು ಅವತ್ತೇ ಮೊದಲ ಸಲ. ಮರುದಿನವೂ ಬಂದ ಕೂಡಲೇ ಅಂಚು ಮಗುಚಿ ನೋಡಿದೆ, ಅದು ಚಟವೇ ಆಗತೊಡಗಿತ್ತು.

ಗುರುವಾರ ಮಗಳಿಗೆ ಚುಚ್ಚುಮದ್ದು ಹಾಕಿಸಿದ್ದೆವು. ಶುಕ್ರವಾರ ಬೆಳಿಗ್ಗೆ ಮೈ ಬೆಚ್ಚಗಿತ್ತು. ಕೆಲಸಕ್ಕೆ ಸೇರಿದ ವಾರವೇ ಹೇಗೆ ರಜೆ ಕೇಳಲಿ? ಏಳು ಗಂಟೆಗೆ ಜ್ವರದ ಔಷಧಿ ನಾನೇ ಕುಡಿಸಿದೆ. “ಒಂದು ಗಂಟೆಗೆ ಇನ್ನೊಂದು ಸಲ, ಇಷ್ಟೇ. ಎರಡು ಸಲ ಕೊಟ್ಟುಬಿಟ್ರೆ ಕಷ್ಟ ಮಾವ” ಎಂದು ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಅವರ ಹುಬ್ಬು ಗಂಟಿಕ್ಕಿತು.

ಕೌಂಟರಿನಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದೂಕಾಲಿಗೆ ಊಟದ ಬಿಡುವಿನಲ್ಲಿ ಮನೆಗೆ ಓಡಿದೆ, ಹಿಂಬಾಗಿಲಿನಿಂದ, ಕಳ್ಳಿಯ ಹಾಗೆ. ಮುಂದಿನ ಕೋಣೆಯಲ್ಲಿ ಮಾವ ಯಾರ ಜೊತೆಗೋ ಜೇಬಿನ ಆಳದ ಬಗ್ಗೆ ವಾದಿಸುತ್ತಿದ್ದರು. ಮಗಳು ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಳು, ಮೈ ತಣ್ಣಗಿತ್ತು. ಫ್ರಾಕಿನ ಮೇಲೆ ಹಾಲು ಕಕ್ಕಿಕೊಂಡಿದ್ದಳು. ಚಟದ ಹಾಗೆ ಅಂಚು ಮಗುಚಿದೆ. ಎರಡು ಗೆರೆ, ಒಂದು ಸೊನ್ನೆ, ಮತ್ತೆ ಹೊಸದಾಗಿ ಒಂದು ಕತ್ತರಿ ಗುರುತು. ಏನೋ ಹುಚ್ಚು ಎಂದುಕೊಂಡು, ಎಬ್ಬಿಸದೆ ಬೇರೆ ಫ್ರಾಕ್ ತೊಡಿಸಿ, ಕೊಳೆಯಾದದ್ದನ್ನು ಬಕೆಟ್ಟಿನ ಸೋಪು ನೀರಿಗೆ ಅದ್ದಿ, ಬಂದ ಹಾಗೇ ಹೋದೆ. ಬಂದಿದ್ದೆನೆಂದು ಮಾವನಿಗೆ ಹೇಳಲಿಲ್ಲ. ಹೇಳಿದರೆ ಅನುಮಾನ ಪಡುತ್ತಿದ್ದೇನೆಂದು ಗೊತ್ತಾಗುತ್ತದಲ್ಲ.

ಎರಡೂವರೆಗೆ ಕೌಂಟರಿನ ಮುಂದೆ ಪಾರ್ಸೆಲ್ ಹಿಡಿದ ಏಳೆಂಟು ಜನ ನಿಂತಿದ್ದರು. ಅವರೆಲ್ಲರ ಹಿಂದಿನಿಂದ ಮಾವನ ಧ್ವನಿ ಕೇಳಿತು. ಕೊರಳಲ್ಲಿ ಟೇಪು, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಔಷಧಿ ಸೀಸೆ. ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದಿದ್ದರು. ತುಟಿ ಬೆಳ್ಳಗಾಗಿತ್ತು.

“ಔಷಧಿ ಕೊಟ್ಟೆನೋ ಇಲ್ವೋ ಗೊತ್ತಿಲ್ಲ ಕಣಮ್ಮ” ಎಂದರು, ಎಲ್ಲರಿಗೂ ಕೇಳುವ ಹಾಗೆ. “ಕೊಟ್ರೆ ಫ್ರಾಕಿಗೆ ಗುರುತು ಹಾಕ್ತೀನಿ. ಊಟಕ್ಕೆ ಗೆರೆ, ನಿದ್ದೆಗೆ ಸೊನ್ನೆ, ಔಷಧಿಗೆ ಕತ್ತರಿ. ಗುರುತೇ ಇಲ್ಲ. ಫ್ರಾಕೇ ಬೇರೆ ಇದೆ, ಹಳೇದರ ಚಾಕ್ ಸೋಪು ನೀರಲ್ಲಿ ಕರಗಿಹೋಗಿದೆ. ನಾನೇ ಬದಲಾಯಿಸಿರಬೇಕು, ಅದೂ ತಲೇಲಿಲ್ಲ. ಇಷ್ಟು ಮರೀತಾ ಇರ್ಲಿಲ್ಲ ನಾನು. ಅನುಮಾನ ಬಂದಾಗ ಬಟ್ಟೆಗೆ ಕತ್ತರಿ ಹಾಕಲ್ಲ ನಾನು, ಮಗು ಬಾಯಿಗೆ ಹೆಂಗೆ ಔಷಧಿ ಹಾಕ್ಲಿ? ಫೋನ್ ಮಾಡೋಣ ಅಂದ್ರೆ ನಿನ್ನ ನಂಬರೂ ನೆನಪಾಗ್ಲಿಲ್ಲ.”

ಕ್ಯೂನಲ್ಲಿದ್ದವರು ಪಕ್ಕಕ್ಕೆ ಸರಿದರು. ಬ್ಯಾಂಕಿನ ಕಾವಲುಗಾರನೂ ಅವರಲ್ಲೊಬ್ಬ.

“ಫ್ರಾಕ್ ಬದಲಾಯಿಸಿದ್ದು ನಾನು ಮಾವ. ಬಂದಿದ್ದೆ. ನಿಮಗೆ ಹೇಳ್ಲಿಲ್ಲ.”

“ನೀನಾ?”

“ಕತ್ತರಿ ಗುರುತಿತ್ತು. ನೋಡಿದೆ. ಕೊಟ್ಟಿದ್ದೀರಿ.”

ಬೈಯುತ್ತಾರೆ ಎಂದುಕೊಂಡೆ. ಅವರು ಪಾರ್ಸೆಲ್ ತೂಗುವ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಮಗುವನ್ನು ತೊಡೆಗೆ ಒರಗಿಸಿಕೊಂಡು ದೊಡ್ಡದಾಗಿ ಉಸಿರು ಬಿಟ್ಟರು. “ಹಾಗಾದ್ರೆ ನಾನು ಅಷ್ಟು ಕೆಟ್ಟಿಲ್ಲ” ಎಂದರು. ಔಷಧಿ ಸೀಸೆಯನ್ನು ನನ್ನ ಕೈಗೆ ಕೊಟ್ಟು, “ನೀನು ಕೆಟ್ಟಿದ್ದೀಯ” ಎಂದರು.

ಸಂಜೆ ಗಂಡನಿಗೆ ಎಲ್ಲವನ್ನೂ ಮಾವನೇ ಹೇಳಿದರು, ಗಿರಾಕಿಗಳನ್ನು ಸುಮ್ಮನೆ ಹೊಗಳಿ ಮತ್ತೆ ಅಳತೆ ತೆಗೆದುಕೊಳ್ಳುವುದನ್ನೂ ಸೇರಿಸಿ. ಗಂಡನ ನಗು ಇಳಿಯಿತು. “ಹಾಗಿದ್ರೆ ಮಗೂಗೆ ಬೇರೆ ಯಾರನ್ನಾದ್ರೂ ನೋಡೋಣ” ಎಂದ. ವಾರದ ಹಿಂದೆ ಇದೇ ಮಾತನ್ನು ನಾನು ಹೇಳಬೇಕಿತ್ತು. ಈಗ ನಾನೇ, “ಬೇಡ ರೀ” ಎಂದೆ. ಎಲ್ಲ ನೆನಪಿದೆ ಎಂದು ಜಂಬ ಕೊಚ್ಚಿಕೊಳ್ಳುವವರನ್ನು ಕೂಲಿಗೆ ತಂದು ಕೂರಿಸಬಹುದು. ಗೊತ್ತಿಲ್ಲ ಎಂದು ಹತ್ತು ಜನರ ಮುಂದೆ ಹೇಳಲು ಬಿಸಿಲಲ್ಲಿ ನಡೆದು ಬರುವವರು ಎಲ್ಲಿ ಸಿಗುತ್ತಾರೆ?

ಕರಾರು ಮಾಡಿಕೊಂಡೆವು. ಔಷಧಿ ಏನಿದ್ದರೂ ನಾನು ಅಥವಾ ಗಂಡ ಬಂದೇ ಕೊಡುವುದು. ಮಗು ಎಚ್ಚರವಿದ್ದಾಗ ಗಿರಾಕಿಗಳಿಲ್ಲ. ಗುರುತು ಫ್ರಾಕಿನ ಮೇಲಲ್ಲ, ತೊಟ್ಟಿಲ ಪಕ್ಕದ ಗೋಡೆಯ ಮೇಲೆ. ಮುಂದಿನ ತಿಂಗಳ ತಪಾಸಣೆಗೆ ಹೋದಾಗ ಆಸ್ಪತ್ರೆಯಲ್ಲಿ ಹೃದಯದ ಜೊತೆಗೆ ಮರೆವಿನ ವಿಷಯವನ್ನೂ ಕೇಳುವುದು, ಕೇಳುವವರು ಮಾವನೇ.

“ನಂದೂ ಒಂದಿದೆ” ಎಂದರು ಮಾವ. “ಬರೋದಾದ್ರೆ ಕೂಗಿಕೊಂಡು ಬಾ. ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ, ಇರೋ ಚೂರುಪಾರೂ ನೀನು ಕದ್ದರೆ ಏನ್ ಮಾಡ್ಲಿ?”

ಮಾತು ಕೊಟ್ಟೆ. ಇದನ್ನು ಬರೆಯುವ ಹೊತ್ತಿಗೆ ಎರಡು ವಾರವಾಗಿದೆ. ಪೂರ್ತಿ ನಂಬಿಕೆ ಬಂದಿದೆ ಎಂದರೆ ಸುಳ್ಳಾಗುತ್ತದೆ. ಊಟದ ಬಿಡುವಿನಲ್ಲಿ ಈಗಲೂ ಹೋಗುತ್ತೇನೆ. ಬೀದಿಯ ತಿರುವಿನಿಂದಲೇ, “ಮಾವಾ, ಬಂದೆ!” ಎಂದು ಕೂಗುತ್ತೇನೆ. ಪಕ್ಕದ ಮನೆಯವರಿಗೆ ನನಗೇನೋ ಆಗಿದೆ ಎಂದು ಅನುಮಾನ.