ಉಂಗುರದ ಕಿರಣ
ಲೇಸರ್ ಮೇಷ್ಟ್ರ ಕಣ್ಣಿಗೆ ಕೂದಲೆಳೆಯೂ ಮರದ ದಿಮ್ಮಿ. ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪದ ಸೇತುವೆಯನ್ನು ಅವರು ಪ್ರಯೋಗಾಲಯದಲ್ಲಿ, ಅಂಟುದ್ರವವನ್ನು ಲೇಸರ್ ಬೆಳಕಿನಿಂದ ಗಟ್ಟಿಮಾಡಿ ಕಟ್ಟುವಾಗ ಮೇಲಿನ ಮಹಡಿಯವರೂ ಸೀನುವಂತಿಲ್ಲ, ಸೀನಿದರೆ ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಹೋಗಿ, "ನನ್ನ ಸೇತುವೆ ಬಿತ್ತಲ್ರೀ!" ಎಂದು ಗೋಳಾಡುತ್ತಾರೆ. ಬೆಳಕಿನ ಅಲೆಗಿಂತ ಸಣ್ಣ ಗೆರೆಯನ್ನು ಬೆಳಕಲ್ಲೇ ಎಳೆಯುವುದು ಹೇಗೆಂದು ಕೇಳಿದರೆ, "ಒಂದು ಕಿರಣ ಬರೆಯುತ್ತೆ, ಇನ್ನೊಂದು ಉಂಗುರದ ಹಾಗೆ ಸುತ್ತ ನಿಂತು, ಅದು ಅಂಚು ಮೀರದ ಹಾಗೆ ತಡೆಯುತ್ತೆ. ಥೇಟ್ ನಮ್ಮನೆಯವಳ ಹಾಗೆ" ಎನ್ನುತ್ತಾರೆ. ಮೇಷ್ಟ್ರ ಮಾತು ಅಜ್ಜನ ಕಾಲಕ್ಕೆ ಹರಿದಾಗಲೆಲ್ಲ ಅಡುಗೆಮನೆಯಿಂದ "ಸಾಕು, ವಿಷಯಕ್ಕೆ ಬನ್ನಿ" ಎಂದು ಕೂಗುತ್ತಿದ್ದವರು ಆಕೆ. ಆಕೆ ತೀರಿಕೊಂಡು ವರ್ಷವಾಯಿತು. ಈಗಲೂ ಮನೆಗೆ ಬಂದವರ ಮುಂದೆ ಮಾತು ಎಲ್ಲೆಲ್ಲೋ ಹೋದಾಗ ಮೇಷ್ಟ್ರು ತಟ್ಟನೆ ನಿಲ್ಲಿಸಿ, ಅಡುಗೆಮನೆಯ ಕಡೆ ಕಿವಿಗೊಟ್ಟು ಕಾಯುತ್ತಾರೆ.