ಜೋಗಿ ಗೌಡರ ಸುಣ್ಣದ ನೀರು

ಜೋಗಿ ಗೌಡರು ಯಾರ ಹೊಲಕ್ಕೆ ಹೋದರೂ ಮೊದಲು ಒಂದು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಾಕಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಚಪ್ಪರಿಸಿ, ಉಗಿದು, "ಹುಳಿ. ಸುಣ್ಣ ಹಾಕು, ತಮ್ಮಾ" ಎಂದು ತೀರ್ಪು ಕೊಡುತ್ತಿದ್ದರು. ನೀಲಗಿರಿಯ ಮಣ್ಣೇ ಹುಳಿಯಾದ್ದರಿಂದ ಆ ತೀರ್ಪು ಎಂದೂ ಸುಳ್ಳಾಗಲಿಲ್ಲ. ತಮ್ಮ ಹಳ್ಳಿ ತುಮ್ಮನಟ್ಟಿಯಲ್ಲಿ ಅವರು ವಿಜ್ಞಾನಿಯಾದದ್ದು ಹೀಗೆ.

ನಾನು ಊಟಿ ಮಾರ್ಕೆಟ್ಟಿನ ಹತ್ತಿರ ಔಷಧಿ ಅಂಗಡಿ ಇಟ್ಟವನು. ನನ್ನ ಸರ್ಟಿಫಿಕೇಟು ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ಗೌಡರು ಅದನ್ನು ನೋಡಿದಾಗಲೆಲ್ಲ, "ಇದಕೆ ಎಷ್ಟು ವರ್ಷ ಓದಿದೆ, ತಮ್ಮಾ?" ಎಂದು ಕೇಳಿ, ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸುತ್ತಿದ್ದರು.

ಅವರ ಎದೆಬಡಿತ ತಾಳ ತಪ್ಪಿದಾಗ ಡಾಕ್ಟರು ಡಿಗಾಕ್ಸಿನ್ ಮಾತ್ರೆ ಬರೆದುಕೊಟ್ಟರು. ಡಿಜಿಟಾಲಿಸ್ ಜಾತಿಯ ಗಿಡದ ಎಲೆಯಿಂದ ತೆಗೆಯುವ ಮದ್ದು ಅದು. ಹರೆಯದಲ್ಲಿ ಮದ್ದಿನ ತೋಟವೊಂದರಲ್ಲಿ ಅಂಥದೇ ಎಲೆ ಕಿತ್ತಿದ್ದ ಗೌಡರು, "ನಾ ಸಾಕಿದ ಗಿಡ. ಎನ್ನ ಮಾತು ಕೇಳದೆ ಎಲ್ಲಿಗೆ ಹೋಗುತ್ತೆ?" ಎಂದರು.

ಗಿಡ ಮಾತು ಕೇಳಲಿಲ್ಲ. ಕಾಲು ಊದಿತು, ಏದುಸಿರು ಬಂತು. ಡಾಕ್ಟರು ಮಾತ್ರೆ ಹೆಚ್ಚಿಸಿ, ನೀರು ಇಳಿಯಲು ಇನ್ನೊಂದನ್ನು ಸೇರಿಸಿದರು. ಒಂದು ದಿನ ನನ್ನ ಅಂಗಡಿಯಲ್ಲೇ ಗೌಡರು ಮಾತ್ರೆ ಬಾಯಿಗೆ ಹಾಕಿ, ಚೀಲದಿಂದ ಬಾಟಲಿ ತೆಗೆದು ಬೆಳ್ಳಗಿನ ನೀರು ಕುಡಿದರು. ಏನದು ಎಂದೆ.

"ತೋಟಕೆ ಹಾಕುವ ಡಾಲಮೈಟ್ ಸುಣ್ಣ. ಹೊಟ್ಟೆ ಹುಳಿ ಆತು. ಮಣ್ಣು ಹುಳಿ ಆದರೆ ಏನ ಮಾಡುವೆ ನೀ?"

ಇಷ್ಟು ವರ್ಷಕ್ಕೆ ನನ್ನ ಸರ್ಟಿಫಿಕೇಟಿಗೆ ಕೆಲಸ ಸಿಕ್ಕಿತು. ಆ ಸುಣ್ಣ ಮಾತ್ರೆಯನ್ನು ಮೈಗೆ ಹತ್ತಗೊಡುವುದಿಲ್ಲ, ಇವತ್ತೇ ನಿಲ್ಲಿಸಿ ಎಂದು ಗದರಿಸಿದೆ. ಗೌಡರು ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರ ಮಾತು ಕೇಳಿದರು. ನಾನು ಬೀಗಿದೆ. ಡಾಕ್ಟರಿಗೆ ಒಂದು ಮಾತು ತಿಳಿಸಬೇಕೆಂದು ಮಾತ್ರ ಹೊಳೆಯಲಿಲ್ಲ. ಹೆಚ್ಚಿಸಿದ ಮಾತ್ರೆ ಈಗ ಪೂರ್ತಿ ರಕ್ತಕ್ಕೆ ಇಳಿಯತೊಡಗಿತ್ತು. ನೀರಿನ ಮಾತ್ರೆ ಮೈಯ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತಿತ್ತು. ಅದು ಕಡಿಮೆಯಾದಷ್ಟೂ ಈ ಎಲೆಯ ಮದ್ದು ವಿಷವಾಗುತ್ತದೆ. ಇದೆಲ್ಲ ನಾನು ಓದಿ ಪಾಸಾದ ವಿಷಯವೇ.

ಎರಡು ವಾರ ಬಿಟ್ಟು ಬಂದ ಗೌಡರು, "ಬೆಟ್ಟವೆಲ್ಲ ಹಳದಿ, ತಮ್ಮಾ. ಟೀ ಗಿಡಕೆ ಪೊಟ್ಯಾಷ್ ಗೊಬ್ಬರ ಸಾಲದು. ನಿನ್ನ ಗೋಡೆಯೂ ಹಳದಿ" ಎಂದರು.

"ಹಾಗಾದರೆ ಗೋಡೆಗೂ ಒಂದು ಮೂಟೆ ಹಾಕಿ" ಎಂದೆ. ಗಿರಾಕಿಗಳು ನಕ್ಕರು. ಊಟ ಸೇರುತ್ತಿಲ್ಲ ಎಂದದ್ದಕ್ಕೆ ಜೀರ್ಣದ ಟಾನಿಕ್ಕು ಕೊಟ್ಟು ಕಳಿಸಿದೆ.

ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಕಣ್ಣಿಗೆ ಎಲ್ಲ ಹಳದಿ ಕಂಡದ್ದು, ಊಟ ಸೇರದಿದ್ದದ್ದು ಆ ಮದ್ದಿನ ವಿಷದ ಗುರುತೇ. ರಕ್ತದಲ್ಲಿ ಮದ್ದು ಏರಿತ್ತು, ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿತ್ತು. ಪೊಟ್ಯಾಷ್ ಎಂದರೂ ಅದೇ ಪೊಟ್ಯಾಸಿಯಂ; ಗೌಡರು ಹೇಳಿದ ರೋಗ ಸರಿಯಾಗಿತ್ತು, ರೋಗಿ ಮಾತ್ರ ಟೀ ಗಿಡವಲ್ಲ.

ನಾನು ಕಿತ್ತಳೆ ಹಿಡಿದುಕೊಂಡು ಮಂಚದ ಪಕ್ಕ ನಿಂತಿದ್ದೆ. ಗೌಡರ ಸೊಸೆಯಿಂದ ವಿಷಯ ತಿಳಿದ ಡಾಕ್ಟರು ಸಿಟ್ಟಿನಿಂದ, "ಸುಣ್ಣದ ನೀರು ಬಿಡಿ ಅಂತ ಯಾರು ಹೇಳಿದ್ದು? ನನಗೆ ತಿಳಿಸಬೇಕಿತ್ತಲ್ಲ?" ಎಂದು ಕೇಳಿದರು. ನಾನು ಕಿತ್ತಳೆ ಸುಲಿಯತೊಡಗಿದೆ.

"ಎನಗೆ ಹೇಳುವವ ಈ ಬೆಟ್ಟದಲಿ ಯಾರು ಇದ್ದಾನೆ, ಡಾಕ್ಟ್ರೇ? ನಾನೇ ಬಿಟ್ಟೆ" ಎಂದರು ಗೌಡರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೆಯ ದಿನ ಹೋಗಿಬಿಟ್ಟರು. ಆ ಡಾಕ್ಟರು ಈಗಲೂ ಆಗಾಗ ಅಂಗಡಿಗೆ ಬರುತ್ತಾರೆ. "ಆ ಗೌಡರಷ್ಟು ಹಟಮಾರಿಯನ್ನು ನಾನು ಕಂಡೇ ಇಲ್ಲ" ಎನ್ನುತ್ತಾರೆ.

"ಹೌದು ಸಾರ್, ಭಾರಿ ಹಟ" ಎನ್ನುತ್ತೇನೆ ನಾನು.